ಬರೆಸಿಕೊಂಡವರ ಎದುರು

ಸರ್ ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಉದ್ದ. ಹಳದಿಗೆ ತಿರುಗಿ, ತುದಿಯಲ್ಲಿ ಸ್ವಲ್ಪ ಬಾಗಿತ್ತು. ನಮ್ಮ ಬರವಣಿಗೆ ತಿದ್ದಲು ಅವರು ಎಂದೂ ಪೆನ್ನು ಹಿಡಿದವರಲ್ಲ. ಸುಳ್ಳು ಅನ್ನಿಸಿದ ಸಾಲಿನ ಕೆಳಗೆ ಆ ಉಗುರನ್ನು ಒತ್ತಿ ಎಳೆಯುತ್ತಿದ್ದರು. ಪರ್ ಅಂತ ಸಪ್ಪಳ. ಮೇಲುನೋಟಕ್ಕೆ ಹಾಳೆ ಸ್ವಚ್ಛವಾಗಿಯೇ ಇರುತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಮಾತ್ರ ಗೀರು ಕಾಣುತ್ತಿತ್ತು. ಸಿಟ್ಟು ಹೆಚ್ಚಾದ ದಿನ ಹಾಳೆ ಹರಿದೇ ಹೋಗುತ್ತಿತ್ತು. ಅಂಥ ಸಪ್ಪಳ ಎಲ್ಲಿಯಾದರೂ ಕೇಳಿದರೆ ಈಗಲೂ ನನ್ನ ಹಲ್ಲು ಜುಮ್ಮೆನ್ನುತ್ತವೆ.

ಅವರು ನನ್ನ ಪಿಎಚ್.ಡಿ. ಗೈಡ್. ವಿಜಯಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ಆಟ ಮತ್ತು ಆಟಗಾರರ ಬಗ್ಗೆ ನಮ್ಮ ಭಾಗದಲ್ಲಿ ಹುಟ್ಟಿದ ಬರವಣಿಗೆ ನನ್ನ ವಿಷಯ. ಕುಸ್ತಿಯ ಹಾಡುಪದಗಳು, ಪತ್ರಿಕೆಯ ವರದಿಗಳು, ಸನ್ಮಾನಪತ್ರಗಳು, ಇವುಗಳ ಜೊತೆಗೆ ಕೆಲವು ಆಟಗಾರರ ವ್ಯಕ್ತಿಚಿತ್ರಗಳನ್ನು ನಾನೇ ಬರೆಯಬೇಕೆಂದು ಸರ್ ಕರಾರು ಹಾಕಿದ್ದರು. ವಿಭಾಗದ ಉಳಿದ ಮೇಷ್ಟ್ರುಗಳಿಗೆ ಇದು ದೊಡ್ಡ ಚೇಷ್ಟೆಯ ವಸ್ತುವಾಗಿತ್ತು. "ಏನವಾ, ಪಂಕ್ಚರ್ ತೆಗಿಯೂದರ ಮ್ಯಾಲೆ ಒಂದು ಅಧ್ಯಾಯ ಐತೋ ಇಲ್ಲೋ?" ಎಂದು ಕೇಳಿ ಹಲ್ಲು ಕಿರಿಯುತ್ತಿದ್ದರು. ಕಿರಿಯಲಿ ಬಿಡಿ. ವಿಜಯಪುರದಲ್ಲಿ ಇದ್ದುಕೊಂಡು ಸೈಕಲ್ ರೇಸಿನ ಗಂಧವಿಲ್ಲದವರ ನಗೆಗೆ ನನ್ನ ಹತ್ತಿರ ಕಿಮ್ಮತ್ತಿಲ್ಲ.

ನಾನು ಬಿಜ್ಜರಗಿಯವಳು. ಅಣ್ಣನ ಸೈಕಲ್ ತುಳಿದುಕೊಂಡು ಟಿಕೋಟಾದ ಶಾಲೆಗೆ ಹೋಗುತ್ತಿದ್ದವಳನ್ನು ಕೋಚ್ ಒಬ್ಬರು ನೋಡಿ ವಿಜಯಪುರದ ಹಾಸ್ಟೆಲ್ಲಿಗೆ ಸೇರಿಸಿಕೊಂಡರು. ಮುಂದೆ ನನ್ನ ಬದುಕೆಲ್ಲ ಸೀಟಿನ ಮೇಲೆಯೇ. ಕೊನೆಗೆ ಟಿಕೋಟಾ ರಸ್ತೆಯಲ್ಲಿ ನಡೆದ ಸೆಲೆಕ್ಷನ್ ರೇಸಿನಲ್ಲಿ, ಇನ್ನೇನು ಮುಗಿಯಿತು ಅನ್ನುವಾಗ ಬಿದ್ದೆ. ಹೆಗಲ ಮೂಳೆ ಕೂಡಿಕೊಂಡಿತು, ಮೊಣಕಾಲು ಕೂಡಲಿಲ್ಲ. ಅದು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆ ದಿನ ಮೊದಲು ಬಂದವಳು ನನ್ನ ಕೋಣೆಯವಳೇ, ಒಂದೇ ತಾಟಿನಲ್ಲಿ ಉಂಡ ಗೆಳತಿ. ಅವಳು ಮುಂದೆ ನ್ಯಾಷನಲ್ಸ್‌ಗೆ ಹೋದಳು, ಮೆಡಲ್ ತಂದಳು, ರೈಲ್ವೆಯಲ್ಲಿ ನೌಕರಿ ಹಿಡಿದಳು. ನಾನು ಕನ್ನಡ ಎಂ.ಎ. ಹಿಡಿದೆ.

"ನಿನ್ನ ಥೀಸಿಸ್ ಅಂದ್ರ ನೀ ಬಿದ್ದದ್ದು. ಉಳಿದದ್ದೆಲ್ಲಾ ಲೈಬ್ರರ್ಯಾಗ ಸಿಗತೈತಿ," ಎಂದು ಸರ್ ಮೊದಲ ದಿನವೇ ಹೇಳಿದ್ದರು. "ಕಡೀ ಅಧ್ಯಾಯ ಖರೇ ಬಂತಂದ್ರ ಸಹಿ ಮಾಡ್ತೇನಿ. ಇಲ್ಲಂದ್ರ ಊರಿಗೆ ಹೋಗಿ ರೊಟ್ಟಿ ಬಡಿ." ಕಾಲು ಹೋಗಿತ್ತು, ಬರವಣಿಗೆಯೂ ಹೋದರೆ ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಅಂದರು.

ಸ್ವತಃ ಅವರು ಯಾವ ಆಟವನ್ನೂ ಆಡಿದವರಲ್ಲ. ದಪ್ಪ ದೇಹ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಆದರೆ ಎಲ್ಲಿ ಕುಸ್ತಿ, ಎಲ್ಲಿ ಕಬಡ್ಡಿ, ಎಲ್ಲಿ ರೇಸ್, ಅಲ್ಲಿ ಅವರು. ಟಿಕೋಟಾ ರಸ್ತೆಯಲ್ಲಿ ರೇಸ್ ಇದ್ದರೆ ಒಂದು ಬೇವಿನ ಗಿಡದ ಬುಡಕ್ಕೆ ಟವೆಲ್ ಹಾಸಿ, ಕಿಸೆಯಿಂದ ಹುರಿದ ಶೇಂಗಾ ತೆಗೆದು ಸುಲಿಯುತ್ತ ಕೂಡುತ್ತಿದ್ದರು. ನಮಗೆಲ್ಲ ಅವರು 'ಶೇಂಗಾ ಸರ್' ಎಂದೇ ಗೊತ್ತು. ಅವರ ವಿದ್ಯಾರ್ಥಿನಿಯಾಗುತ್ತೇನೆಂದು ಆಗ ಯಾರಾದರೂ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಅವರ ಹತ್ತಿರ ಒಂದು ಪದ್ಧತಿಯಿತ್ತು. ಯಾವ ಆಟಗಾರನ ಬಗ್ಗೆ ಬರೆಯುತ್ತೇವೋ ಅವನ ಮನೆಗೆ ಹೋಗಿ, ಅವನ ಎದುರಿಗೆ ಕೂತು, ಬರೆದದ್ದನ್ನು ಪೂರ್ತಿ ಓದಬೇಕು. ಮನೆಯವರೂ ಇರಬೇಕು. ಸರ್ ಪಕ್ಕದಲ್ಲಿ ಕೂತಿರುತ್ತಿದ್ದರು. ಓದಿ ಮುಗಿಸಿದ ಮೇಲೆಯೇ ಆ ಅಧ್ಯಾಯ ಅವರ ಲೆಕ್ಕಕ್ಕೆ ಬರುತ್ತಿತ್ತು. "ಹಿಂದಿನಿಂದ ಆಡೂದು ಚಾಡಿ. ಮಾರಿ ಮುಂದ ಓದಿದ್ರ ಸಾಹಿತ್ಯ," ಎನ್ನುತ್ತಿದ್ದರು. ಕೇಳಲು ಎಷ್ಟು ಚೆಂದ, ನೋಡಿ. ನನಗೂ ಚೆಂದವೆನಿಸಿತ್ತು, ನಿಡೋಣಿಗೆ ಹೋಗುವ ತನಕ.

ನಿಡೋಣಿಯಲ್ಲಿ ಒಬ್ಬ ಹಿರಿಯ ಪೈಲ್ವಾನರು. ಅವರ ಬಗ್ಗೆ ನಾನು ಬರೆದದ್ದು ಶುದ್ಧ ಸನ್ಮಾನಪತ್ರ. ನಮ್ಮ ಕಡೆ ಆಟಗಾರನ ಬಗ್ಗೆ ಬರೆಯುವುದೆಂದರೆ ಅದೇ ತಾನೆ? ಶಾಲು ಹೊದಿಸುವ ಸಮಾರಂಭದಲ್ಲಿ ಓದುವ ಆ ಭಾಷೆ ನಮ್ಮ ನಾಲಿಗೆಯಲ್ಲಿ ಎಷ್ಟು ಕೂತಿದೆಯೆಂದರೆ, ಪೆನ್ನು ಹಿಡಿದ ಕೂಡಲೇ ಗಂಡುಗಲಿ, ಮಲ್ಲಕಲೆಯ ಕಣ್ಮಣಿ, ಕರುನಾಡ ಹುಲಿ ತಾವಾಗಿ ಸಾಲುಗಟ್ಟುತ್ತವೆ. ನಾನು 'ಎಂದೂ ಬೆನ್ನಿಗೆ ಮಣ್ಣು ತಾಗದ ಮಹಾಮಲ್ಲ' ಎಂದು ಬರೆದಿದ್ದೆ. ಸರ್ ಹಾಳೆಯನ್ನು ನೋಡಿದರು. ಉಗುರು ಎಳೆಯಲಿಲ್ಲ. "ಚೊಲೋ ಐತಿ, ನಡಿ ಓದೂಣು," ಎಂದರು. ನಾನು ಹುಚ್ಚಿ, ಖುಷಿಯಾದೆ.

ಪೈಲ್ವಾನರು ತಲೆಗೆ ಹೊಸ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಮಕ್ಕಳು, ಮೊಮ್ಮಕ್ಕಳು, ಓಣಿಯ ಮಂದಿ ಎಲ್ಲ ಬಂದಿದ್ದರು. ನಾನು ಓದುತ್ತ ಹೋದಂತೆ ಮುದುಕರ ಕಣ್ಣಲ್ಲಿ ನೀರು ಬಂತು. ಓದು ಮುಗಿಯಿತು. ಯಾರೋ ಚಪ್ಪಾಳೆ ತಟ್ಟಿದರು. ಆಗ ಸರ್ ಗಂಟಲು ಸರಿಮಾಡಿಕೊಂಡರು.

"ಪೈಲ್ವಾನ್ರ, ಬೆನ್ನಿಗೆ ಮಣ್ಣ ಹತ್ತೇ ಇಲ್ಲೇನ್ರಿ? ಬಬಲೇಶ್ವರದಾಗ ಮೀಸಿ ಚಿಗುರದ ಹುಡುಗ ನಿಮ್ಮನ್ನ ಎತ್ತಿ ಒಗದಿದ್ದಲ್ಲ. ನಾ ಅಲ್ಲೇ ಕುಂತಿದ್ದೆ. ಆವತ್ತ ನೀವು ಅತ್ತಿದ್ರಿ."

ಮೊಮ್ಮಗನೊಬ್ಬ ಅಜ್ಜನ ಮುಖ ನೋಡಿದ. ಪೈಲ್ವಾನರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಎದ್ದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ಮುಖ ಆಚೆ ಮಾಡಿ, "ಅಡಗಿ ಆಗೇತ್ರಿ, ಉಂಡು ಹೋಗ್ರಿ," ಎಂದಳು. ನಾನು ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟೆ. ಸರ್ ಎರಡನೇ ಸಲ ಎಣ್ಣೆಗಾಯಿ ಪಲ್ಯ ಹಾಕಿಸಿಕೊಂಡು ಉಂಡರು.

ದಾರಿಯಲ್ಲಿ ನಾನು ಅತ್ತುಬಿಟ್ಟೆ. "ಅವರನ್ನ ಮಂದ್ಯಾಗ ಯಾಕ ಹಂಗ ಮಾಡಿದ್ರಿ ಸರ್? ನನಗ ಮೊದಲ ಹೇಳಿದ್ರ ತಿದ್ದತಿದ್ದೆ."

"ತಿದ್ದತಿದ್ದಿ. ಆದ್ರ ಆ ಮುದುಕ ರುಮಾಲ ತಗದದ್ದು ನಿನಗ ಸಿಗತಿರಲಿಲ್ಲ. ಹೋಗಿ ಅದನ್ನ ಬರಿ."

ಬರೆದೆ. ಇಡೀ ಥೀಸಿಸ್ಸಿನಲ್ಲಿ ಎಲ್ಲರೂ ಹೊಗಳುವುದು ಆ ರುಮಾಲಿನ ಪುಟವನ್ನೇ. ಪೈಲ್ವಾನರು ಮಾತ್ರ ಆ ದಿನದಿಂದ ತಾಲೀಮು ನಡೆಯುವ ಗರಡಿಯ ಕಡೆ ಹೋಗಿ ಕೂಡುವುದನ್ನೇ ಬಿಟ್ಟರಂತೆ. ಹೇಳಿದವರು ಅವರ ಊರಿನವರು. ಸರ್‌ಗೆ ಹೇಳಿದೆ, "ಹೌದಾ?" ಎಂದು ಶೇಂಗಾ ಸುಲಿದರು.

ಆಮೇಲೆ ನನ್ನ ಸರದಿ. ಕಡೆಯ ಅಧ್ಯಾಯ. 'ತಿರುವಿನಲ್ಲಿ ಜಲ್ಲಿ ಬಿದ್ದಿತ್ತು. ಚಕ್ರ ಜಾರಿತು' ಎಂದು ಬರೆದುಕೊಂಡು ಹೋದೆ. ಪರ್! ಮತ್ತೆ ಬರೆದೆ, ಗಾಳಿ ಎಂದೆ. ಪರ್! ದಣಿದಿದ್ದೆ ಎಂದೆ. ಹಾಳೆ ಹರಿಯಿತು.

"ಬಿದ್ದದ್ದು ಬರದಿ. ಬೀಳಿಸಿದ್ದು ಎಲ್ಲೈತಿ?"

ಹಾಸ್ಟೆಲ್ಲಿನಲ್ಲಿ ನಮಗೊಂದು ಕಟ್ಟಳೆ ಇತ್ತು: ಸೈಕಲ್ಲುಗಳ ಗುಂಪಿನೊಳಗೆ ಏನೇ ಆಗಲಿ, ಇಳಿದ ಮೇಲೆ ಕೋಚ್ ಮುಂದೆ ಬಾಯಿ ಬಿಡಬಾರದು. ಮೊಣಕೈ ತಾಗುತ್ತದೆ, ಬೈಗುಳ ಬೀಳುತ್ತದೆ, ಎಲ್ಲ ಅಲ್ಲಿಗೇ ಮುಗಿಯಬೇಕು. ಬಾಯಿ ಬಿಟ್ಟವಳ ಜೊತೆ ಯಾರೂ ತುಳಿಯುತ್ತಿರಲಿಲ್ಲ. ದವಾಖಾನೆಯಲ್ಲಿ ನೋವಿಗೆ ಹಲ್ಲು ಕಚ್ಚಿಕೊಂಡಿದ್ದಾಗಲೂ ನಾನು ಜಲ್ಲಿ ಎಂದೇ ಹೇಳಿದ್ದೆ. ಅಪ್ಪನಿಗೂ ಹೇಳಿದ್ದು ಅದನ್ನೇ.

ಆದರೆ ಸರ್ ಬಿಡಬೇಕಲ್ಲ. ತಿಂಗಳುಗಟ್ಟಲೆ ಆ ಉಗುರು ನನ್ನನ್ನು ಅರೆಯಿತು. ಕಡೆಗೆ ಒಂದು ದಿನ ಹಲ್ಲು ಕಚ್ಚಿ ಇದ್ದದ್ದನ್ನು ಬರೆದೆ. ನಾನು ಮುಂದಿದ್ದೆ, ನನ್ನ ಗೆಳತಿ ಎಡಗಡೆಯಿಂದ ಬಂದಳು, ಮೊಣಕೈಯಿಂದ ನನ್ನ ಹ್ಯಾಂಡಲ್ಲಿಗೆ ಹೊಡೆದಳು. ಸರ್ ಓದಿದರು. ಹಾಳೆಯ ಮೇಲೆ ಎಲ್ಲಿಯೂ ಗೀರು ಬೀಳಲಿಲ್ಲ.

"ಐತವಾರ ಬಬಲೇಶ್ವರಕ್ಕ ಹೋಗೂಣು. ಆಕಿ ಮುಂದ ಓದು," ಎಂದರು.

ಗೆಳತಿಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಪಡಸಾಲೆಯ ಗಾಜಿನ ಕಪಾಟಿನಲ್ಲಿ ಅವಳ ಮೆಡಲ್, ಪಕ್ಕದಲ್ಲಿ ಅವಳ ಫೋಟೋ. ನನ್ನನ್ನು ನೋಡಿ ಓಡಿಬಂದು ತಬ್ಬಿಕೊಂಡಳು, ಮಗುವನ್ನು ನನ್ನ ಕೈಗೆ ಕೊಟ್ಟಳು. ಅತ್ತೆ ಚುರುಮುರಿಯ ಸೂಸಲ, ಚಹಾ ತಂದು ತಾವೂ ಅಲ್ಲೇ ಕೂತರು. "ನಮ್ಮ ಸೊಸಿ ಬಗ್ಗೆ ಬರದೀರಂತಲ್ರಿ, ಓದ್ರಿ ಓದ್ರಿ," ಎಂದು ಹಿಗ್ಗಿದರು.

ನಾನು ಸರ್ ಕಡೆ ನೋಡಿದೆ. "ಅತ್ತಿಯಾರು ಅದಾರ ಸರ್," ಎಂದು ಮೆಲ್ಲಗೆ ಅಂದೆ.

"ಅವರೂ ಕೇಳಲಿ. ಮೆಡಲ್ ಅವರ ಕಪಾಟಿನಾಗ ಐತಲ್ಲ," ಎಂದರು ಸರ್, ಸೂಸಲ ಬಾಯಿಗೆ ಹಾಕಿಕೊಳ್ಳುತ್ತ.

ಓದಿದೆ. ಓದುವಾಗ ತಲೆ ಎತ್ತಲಿಲ್ಲ. ಮುಗಿದ ಮೇಲೆ ಗೆಳತಿ ನನ್ನ ತೊಡೆಯ ಮೇಲಿದ್ದ ಮಗುವನ್ನು ಎತ್ತಿಕೊಂಡಳು.

"ಹೌದು, ಮೊಣಕೈ ನಂದ," ಎಂದಳು. "ಮನ್ಯಾಗ ನನಗ ಗಂಡು ನೋಡಿ ಮುಗಿಸಿದ್ರು, ನಿನಗ ಗೊತ್ತೈತಿ. ಸೆಲೆಕ್ಟ್ ಆದ್ರಷ್ಟ ಆ ಲಗ್ನ ತಪ್ಪತಿತ್ತು. ನೀ ಮುಂದ ಹೊಂಟಿದ್ದಿ. ಹೊಡದೆ. ಇವತ್ತ ತಿರಗಿ ಅದ ರೋಡಿನ್ಯಾಗ ನಿಲ್ಲಿಸಿದ್ರೂ ಹೊಡೀತೇನಿ."

ಕ್ಷಮೆ ಕೇಳಿದ್ದರೆ ಅವಳನ್ನು ತಬ್ಬಿಕೊಳ್ಳುತ್ತಿದ್ದೆನೋ ಏನೋ. ಅವಳು ಕೇಳಲಿಲ್ಲ. ಸರ್ ಕಡೆ ತಿರುಗಿದಳು.

"ಇನ್ನೊಂದು ಐತಿ, ಅದನ್ನ ಆಕಿ ಬರದಿಲ್ಲ. ಆಕಿಗೆ ಗೊತ್ತಿಲ್ಲ. ಹೊಡದ ಕೂಡ್ಲೆ ನಾ ಮಾರಿ ಹೊರಳಿಸಿದೆ. ಬೇವಿನ ಗಿಡದ ಬುಡಕ ನೀವು ಎದ್ದು ನಿಂತಿದ್ರಿ. ನಿಮ್ಮ ಕಣ್ಣಾಗ ನನ್ನ ಕಣ್ಣ ಬಿದ್ದುವು. ಮುಗೀತು ನನ್ನ ಕತಿ, ಇವರು ಹೋಗಿ ಹೇಳ್ತಾರ ಅನಕೊಂಡೆ. ನೀವು ಹೇಳಲಿಲ್ಲ. ಯಾಕ ಹೇಳಲಿಲ್ರಿ ಸರ್? ಅದನ್ನೂ ಇಲ್ಲೇ ಓದಸ್ರಿ."

ಸರ್ ಕೈಯಲ್ಲಿದ್ದ ಸೂಸಲವನ್ನು ಪ್ಲೇಟಿಗೆ ವಾಪಸು ಹಾಕಿದರು. "ಬಸ್ಸಿಗೆ ಹೊತ್ತಾತು," ಎಂದು ಎದ್ದರು. ಹೊರಗೆ ಬರುವಾಗ ಅತ್ತೆ ನಮ್ಮನ್ನು 'ಮತ್ತ ಬರ್ರಿ' ಎಂದು ಬೀಳ್ಕೊಡಲಿಲ್ಲ. ಮಾರನೆಯ ದಿನವೇ ಅವರು ಮೆಡಲನ್ನು ಕಪಾಟಿನಿಂದ ತೆಗೆದು ಟ್ರಂಕಿಗೆ ಹಾಕಿದರೆಂದು ಗೆಳತಿ ಫೋನ್ ಮಾಡಿ ಹೇಳಿದಳು. ಅವಳು ನನಗೆ ಫೋನ್ ಮಾಡಿದ್ದು ಅದೇ ಕೊನೆ.

ಆ ದಿನ ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದಾಗ ಸರ್ ಎಂದಿನಂತೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದರು. ನಾನು ಹತ್ತಲಿಲ್ಲ. ಬಾಗಿಲಲ್ಲೇ ಅವರ ದಾರಿ ಕಟ್ಟಿ ನಿಂತೆ.

"ಖರೇ ಏನ್ರಿ? ನೋಡಿದ್ರೇನ್ರಿ ನೀವು?"

"ನೋಡಿದ್ದೆ."

"ಮತ್ತ ಯಾಕ ಬಾಯಿ ಬಿಡಲಿಲ್ರಿ? ನನ್ನ ಕಾಲ ಹೋತು. ಒಂದ ಮಾತ ಹೇಳಿದ್ರ ರೇಸ್ ರದ್ದ ಮಾಡತಿದ್ರು. ಆ ಮೆಡಲ್ ಆಕಿ ಕಪಾಟಿಗೆ ಬರತಿರಲಿಲ್ಲ."

ಅವರು ನನ್ನ ಮುಖ ನೋಡಲಿಲ್ಲ. ಬಸ್ಸಿನ ಬೋರ್ಡು ನೋಡುತ್ತ ಅಂದರು: "ಹೇಳಿದ್ರ ನಿನಗ ನ್ಯಾಯ ಸಿಗತಿತ್ತು. ನನಗ ಈ ಅಧ್ಯಾಯ ಸಿಗತಿರಲಿಲ್ಲ."

ಆ ಕ್ಷಣ ಅವರ ಕುತ್ತಿಗೆ ಹಿಸುಕಬೇಕೆನಿಸಿತು. ಮನುಷ್ಯನೇ ಇವನು? ಬೇವಿನ ನೆರಳಲ್ಲಿ ಕೂತು, ಹುಡುಗಿಯೊಬ್ಬಳ ಕಾಲು ಮುರಿಯುವುದನ್ನು ನೋಡಿ, ಮುಂದೆ ಎಂದೋ ಬರೆಸಿದರಾಯಿತೆಂದು ಸುಮ್ಮನೆ ಕೂತವನು! ಅವರೊಬ್ಬರೇ ಆ ಬಸ್ಸಿನಲ್ಲಿ ಹೋದರು. ನಾನು ಜೀಪಿನಲ್ಲಿ ಸೀಟಿನ ತುದಿಗೆ ಕೂತು ವಿಜಯಪುರಕ್ಕೆ ಬಂದೆ, ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈಯುತ್ತ. ಪಕ್ಕದ ಹೆಂಗಸು ನನಗೆ ತಲೆ ಕೆಟ್ಟಿದೆಯೆಂದು ಆಚೆ ಸರಿದಳು.

ಸರ್ ಥೀಸಿಸ್ಸಿಗೆ ಸಹಿ ಮಾಡಿದರು. ಡಿಗ್ರಿ ಬಂತು, ಅದರ ಬಲದ ಮೇಲೆ ಪಾಠ ಹೇಳುವ ಕೆಲಸವೂ ಸಿಕ್ಕಿತು. ಪೇಢೆ ತೆಗೆದುಕೊಂಡು ಅವರ ಮನೆಗೆ ಹೋಗಲಿಲ್ಲ. ಎದುರಿಗೆ ಸಿಕ್ಕರೆ ದಾರಿ ಬದಲಿಸಿದೆ.

ವರ್ಷಗಳು ಕಳೆದ ಮೇಲೆ ಅವರ ಹೆಂಡತಿಯ ಫೋನು. ಅವರನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. "ನಿಮ್ಮ ಸರ್‌ಗೆ ಕಿಡ್ನಿ ಹೋಗ್ಯಾವವ್ವಾ. ಡಯಾಲಿಸಿಸ್ ಮಾಡಿ ಮಾಡಿ ಸಾಕಾಗೇತಿ. ನಿನ್ನ ಕರ್ಯಾಕತ್ತಾರ. ಅವರ ಬಗ್ಗೆ ಏನರ ಬರಕೊಂಡು ಬಾ ಅಂತಾರ." ಹಿಂದಿನಿಂದ ಸರ್ ದನಿ ಕೇಳಿತು: "ಸತ್ತ ಮ್ಯಾಲೆ ಎಲ್ಲಾರೂ ಬರೀತಾರ. ಕೇಳಾಕ ನಾ ಇರಬೇಕಲ್ಲ? ಈಗ ಓದಂತ ಹೇಳ."

ಬರೆದೆ. ಖುಷಿಯಿಂದ ಬರೆದೆ ಎಂದರೆ ಬೇಜಾರು ಮಾಡಿಕೊಳ್ಳಬೇಡಿ. ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಕಾರಿದೆ. ಉಗುರು, ನಿಡೋಣಿಯ ಊಟ, ಬಬಲೇಶ್ವರದ ಬಸ್ಸು. 'ಒಂದು ಒಳ್ಳೆಯ ಅಧ್ಯಾಯಕ್ಕಾಗಿ ಒಬ್ಬಳ ಕಾಲು ಮುರಿದದ್ದನ್ನು ಮುಚ್ಚಿಟ್ಟ ಕಟುಕ' ಎಂದು ಬರೆದು, ಆ ಸಾಲನ್ನು ಮತ್ತೆ ಮತ್ತೆ ಓದಿಕೊಂಡು ಸವಿದೆ.

ಅವರು ದಿಂಬಿಗೆ ಒರಗಿ ಕೂತಿದ್ದರು. ಆ ದಪ್ಪ ದೇಹ ಎಲ್ಲಿ ಹೋಗಿತ್ತೋ, ಅಂಗಿಯೊಳಗೆ ಬರೀ ಎಲುಬು. ಕಾಕು ಮಂಚದ ಕಾಲಬಳಿ ನಿಂತಿದ್ದರು. ನಾನು ಒಂದು ಅಕ್ಷರವನ್ನೂ ಬಿಡದೆ ಓದಿದೆ. ಉಗುರಿನ ವಿಷಯಕ್ಕೆ ನಕ್ಕರು. ಪೈಲ್ವಾನರ ವಿಷಯಕ್ಕೆ ಕಣ್ಣು ಮುಚ್ಚಿದರು. ಕಟುಕ ಎನ್ನುವ ಸಾಲಿಗೆ ಬಂದಾಗ ಕೈ ಎತ್ತಿದರು.

"ಅದು ಸುಳ್ಳು."

"ನೀವ ಹೇಳಿದ್ದಲ್ರೀ!" ಎಂದೆ, ಸಿಟ್ಟಿನಿಂದ.

"ನಾ ಹೇಳಿದ್ದ ಸುಳ್ಳು." ಅವರಿಗೆ ಉಸಿರು ಸಾಲುತ್ತಿರಲಿಲ್ಲ, ನಿಂತು ನಿಂತು ಹೇಳಿದರು. "ರೇಸ್ ನಡಸಿದಾಂವ ನಿನ್ನ ಗೆಳತಿ ಸ್ವಾದರ ಮಾವ. ನಮ್ಮ ಕಾಲೇಜಿನ ಕಮಿಟ್ಯಾಗೂ ಅವನ ಇದ್ದ. ನನ್ನ ನೌಕರಿ ಇನ್ನೂ ಪಕ್ಕಾ ಆಗಿರಲಿಲ್ಲ. ಒದರಬೇಕಂತ ಎದ್ದು ನಿಂತೆ. ಅಂವ ನನ್ನ ಕಡೆ ನೋಡಿದ. ಮತ್ತ ಕುಂತೆ. ಅಂಜಿದೆ ಬೇ. ಅಷ್ಟ. ಯಾವ ಅಧ್ಯಾಯನೂ ಇರಲಿಲ್ಲ ತಲ್ಯಾಗ."

"ಮತ್ತ ಬಸ್ ಸ್ಟ್ಯಾಂಡಿನಾಗ ಹಂಗ್ಯಾಕ ಅಂದ್ರಿ?"

"ಅಂಜಿದೆ ಅನ್ನಾಕ ನಾಚಿಕಿ ಬಂತು. ಕಟುಕ ಅನಸ್ಕೊಳ್ಳೂದು ಸಲೀಸು. ಮಂದಿ ಮಾನಾ ಕೊಡ್ತಾರ." ಸ್ವಲ್ಪ ಸುಧಾರಿಸಿಕೊಂಡರು. "ನಾ ಹೇಳಲಾರದ್ದನ್ನ ನಿನ್ನ ಕಡಿಂದ ಹೇಳಸಿದೆ. ಪಾಪ, ನಿನ್ನ ಗೆಳತಿ ಸಿಕ್ಕಾಳ ಅದರಾಗ. ತಿದ್ದು. ಇಲ್ಲೇ ಕುಂತ ತಿದ್ದು, ಮತ್ತ ಓದು."

ತಿದ್ದಿದೆ. ಕಟುಕ ಎನ್ನುವುದನ್ನು ಹೊಡೆದು, 'ನೌಕರಿಗೆ ಹೆದರಿ ಕಂಡದ್ದನ್ನು ನುಂಗಿದರು' ಎಂದು ಬರೆದು ಓದಿದೆ. "ಹಾಂ," ಎಂದರು. ನನ್ನ ಬರವಣಿಗೆಗೆ ಅವರ ಬಾಯಿಂದ ಬಂದ ಹಾಂ ಅದೊಂದೇ. ಅವರನ್ನು ಕ್ಷಮಿಸಿದೆನೇ ಎಂದು ಕೇಳಬೇಡಿ. ಕಟುಕನನ್ನು ದ್ವೇಷಿಸುವುದು ಎಷ್ಟು ಸುಲಭವಿತ್ತು! ಅಂಜಿದ ಮನುಷ್ಯನ ಸಲುವಾಗಿ ನನ್ನ ನ್ಯಾಯ ಹೋಯಿತೆಂದರೆ ನನಗೆ ಇನ್ನೂ ಹೆಚ್ಚು ಉರಿಯಿತು.

ಗೇಟಿನ ತನಕ ಬಂದ ಕಾಕು ನನ್ನ ಕೈ ಹಿಡಿದುಕೊಂಡರು. "ಕಟುಕ ಅಂತ ಬರಿ, ಸೊಕ್ಕಿನಾಂವ ಅಂತ ಬರಿ. ಊರಿಗೆಲ್ಲಾ ಗೊತ್ತಿದ್ದದ್ದ. ಅಂಜಿದ್ರು ಅಂತ ಮಾತ್ರ ಬರೀಬ್ಯಾಡವ್ವಾ. ನಿನ್ನ ಕಾಲ ಬೀಳ್ತೇನಿ. ನಾ ಮಂದ್ಯಾಗ ಅಡ್ಡಾಡಬೇಕು." ನಾನು ಕೈ ಬಿಡಿಸಿಕೊಂಡು ಗೇಟು ದಾಟಿದೆ.

ಆ ವಾರವೇ ಸರ್ ಹೋದರು. ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ನಿಷ್ಠುರವಾದಿ ಎಂದರು ಒಬ್ಬರು, ನೇರ ನಡೆ ನುಡಿ ಎಂದರು ಇನ್ನೊಬ್ಬರು. ಕೋಲೂರಿಕೊಂಡು ಬಂದ ಕಮಿಟಿಯ ಆ ಮನುಷ್ಯ, ನನ್ನ ಗೆಳತಿಯ ಸೋದರಮಾವ, ಮೈಕು ಹಿಡಿದು, "ಅವರು ಯಾರಿಗೂ ಅಂಜಿದವರಲ್ಲ, ನನಗೂ ಅಂಜಿದವರಲ್ಲ," ಎಂದು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನನ್ನು ಕರೆದರು.

ಕಾಕು ನನ್ನ ಕಡೆ ನೋಡಿ, ಬೇಡವೆಂದು ತಲೆ ಅಲ್ಲಾಡಿಸಿದರು. ನಾನು ಹಾಳೆ ಬಿಡಿಸಿದೆ. ಯಾರ ಬಗ್ಗೆ ಬರೆದಿದೆಯೋ ಅವರು ಆಗಲೇ ಕೇಳಿ ಒಪ್ಪಿದ್ದಾರೆ ಎಂದು ಮೊದಲು ಹೇಳಿ, ಪೂರ್ತಿ ಓದಿದೆ, ತಿದ್ದಿದ ಸಾಲನ್ನೂ ಸೇರಿಸಿ. ಸೋದರಮಾವ ನೆಲ ನೋಡುತ್ತ ಕೂತ. ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, "ಏನ ಹುಡುಗಿ ಇದು, ಹೆಣದ ಮ್ಯಾಲೆ ಕಲ್ಲ ಒಗಿತೈತಿ," ಎಂದದ್ದು ಸ್ಪಷ್ಟವಾಗಿ ಕೇಳಿತು.

ಹೊರಗೆ ಕಾಕು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ನಿಂತೆ. ಅವರು ಅಳುತ್ತಿರಲಿಲ್ಲ, ಮುಖ ಒಣಗಿತ್ತು.

"ಅವರು ಕಲಿಸಿದ್ದನ್ನ ಚೊಲೋತ್ನ್ಯಾಗ ಕಲ್ತಿ," ಎಂದರು. "ಅವರಾದ್ರೂ ಮಂದಿ ಮನಿ ಮುರದು ಬಂದು ನನ್ನ ಮುಂದ ಕುಂತು ಅಳತಿದ್ರು. ನೀ ಅಷ್ಟೂ ಮಾಡೂದಿಲ್ಲ. ಇನ್ನ ಮ್ಯಾಲೆ ನಮ್ಮ ಹೊಸ್ತಿಲಾ ತುಳೀಬ್ಯಾಡ."

ಸರ್ ಅಳುತ್ತಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ಅವರ ಬಗ್ಗೆ ನಾನು ಬರೆದದ್ದರಲ್ಲಿ ಅದು ಇರಲಿಲ್ಲ. ಕೇಳಬೇಕಿತ್ತು, ಯಾವಾಗ, ಎಲ್ಲಿ ಕೂತು, ಯಾರಿಗಾಗಿ, ನನಗಾಗಿ ಒಮ್ಮೆಯಾದರೂ ಅತ್ತಿದ್ದರೇ ಎಂದು. ಕಾಕು ಆಟೋ ಹತ್ತಿದರು. ಈಗ ಅದನ್ನು ಹೇಳಬಲ್ಲವರು ಅವರೊಬ್ಬರೇ, ಅವರು ನನಗೆ ಹೇಳುವುದಿಲ್ಲ.